ಕುರ್ಚಿಯೂ ಒಂದು ಪಾಲಂತೆ!

ನಾನು ಒಂದು ಕ್ಷೌರದ ಕುರ್ಚಿ. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಹುಟ್ಟಿದೆ. ಕಬ್ಬಿಣದ ಕಾಲು, ಕೆಂಪು ರೆಕ್ಸಿನ್ನಿನ ಮೈ, ತಲೆ ಆನಿಸಲು ಒಂದು ದಿಂಬು. ರಾಣೆಬೆನ್ನೂರಿನ ಕರಿಬಸಪ್ಪ ನನ್ನನ್ನು ಕೊಂಡು ತಂದು ತನ್ನ ಬಾಡಿಗೆ ಅಂಗಡಿಯಲ್ಲಿ ಕನ್ನಡಿಯ ಮುಂದೆ ನಿಲ್ಲಿಸಿದ. ಮೂವತ್ತು ವರ್ಷ ಊರಿನ ಭಾರ ಹೊತ್ತೆ. ಎಂಥ ದೊಡ್ಡ ಮನುಷ್ಯನೂ ನನ್ನ ಮೇಲೆ ಕೂತ ಮೇಲೆ ಕತ್ತು ಬಗ್ಗಿಸಿದವನೇ.

ಕರಿಬಸಪ್ಪನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ವಿರೂಪಾಕ್ಷ ಕಾಲೇಜು ಸೇರಿದ. ಫೀಸಿಗೆ ಅಪ್ಪನೊಬ್ಬನ ದುಡಿಮೆ ಸಾಲಲಿಲ್ಲ. ಎಂಟನೇ ಕ್ಲಾಸಿನಲ್ಲಿದ್ದ ಗುಡ್ಡಪ್ಪನನ್ನು ಶಾಲೆ ಬಿಡಿಸಿ ಕೈಗೆ ಕತ್ತರಿ ಕೊಟ್ಟರು. ಅಣ್ಣ ಬಿ.ಎಡ್. ಮುಗಿಸಿ ಹೈಸ್ಕೂಲು ಮಾಸ್ತರನಾದ. ಆ ನೌಕರಿಗಾಗಿ ತಮ್ಮ ಎಷ್ಟು ಗಡ್ಡ ಕೆರೆದ ಅನ್ನುವುದು ನನಗೆ ಗೊತ್ತು. ಕೂದಲೆಲ್ಲ ಬಿದ್ದದ್ದು ನನ್ನ ಕಾಲಬುಡದಲ್ಲೇ.

ಕರಿಬಸಪ್ಪನಿಗೆ ವಯಸ್ಸಾಗಿ ಕತ್ತರಿ ಹಿಡಿಯಲಾಗದಾಯಿತು, ಅಂಗಡಿಯಲ್ಲೇ ನನ್ನೆದುರು ಪಾಲಿನ ಮಾತು ಬಂತು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಅದು ಆ ಮನೆಯ ಪದ್ಧತಿ. ವಿರೂಪಾಕ್ಷ ಮಾಡಿದ ಪಾಲು ನೋಡಿ: ಒಂದು ಕಡೆ ಅಪ್ಪನ ಹೆಸರಿನಲ್ಲಿದ್ದ, ರಸ್ತೆಗೆ ಹತ್ತಿದ ಖಾಲಿ ಸೈಟು. ಇನ್ನೊಂದು ಕಡೆ ನಾನು, ಕನ್ನಡಿ, ಬಾಡಿಗೆ ಅಂಗಡಿಯ ಅಡ್ವಾನ್ಸು! ತಮ್ಮನಿಗೆ ಬೇರೆ ಬದುಕು ಗೊತ್ತಿಲ್ಲ, ಕುರ್ಚಿಯನ್ನೇ ಹಿಡಿಯುತ್ತಾನೆ ಎಂಬ ಧೈರ್ಯ.

"ಎರಡೂ ಸಮ ಅದಾವ," ಅಂದ ವಿರೂಪಾಕ್ಷ.

"ನೀ ಓದಿದ್ದು ಯಾವ ಪಾಲಿನ್ಯಾಗ ಐತಿ ಅಣ್ಣಾ?" ಗುಡ್ಡಪ್ಪ ಕೇಳಿದ.

"ಓದು ಪಾಲು ಮಾಡಾಕ ಬರತೈತೇನೋ ಹುಚ್ಚಾ?"

"ಬರಂಗಿಲ್ಲ. ಅದಕ್ಕ ಅದು ನಿನಗ ಪುಗಸಟ್ಟೆ."

ಕರಿಬಸಪ್ಪ ತಲೆ ತಗ್ಗಿಸಿದ. "ನನಗ ಇಬ್ರೂ ಒಂದ, ಗುಡ್ಡಪ್ಪಾ."

"ಹಂಗಾರ ಕೇಳಪ್ಪಾ. ಸೈಟು ನಂದು. ಕುರ್ಚಿ ಮಾಸ್ತರಗ ಇರಲಿ."

ವಿರೂಪಾಕ್ಷ ನನ್ನತ್ತ ತಿರುಗಿದ. "ಇದನ್ನ ತಗೊಂಡು ನಾ ಏನು ಮಾಡ್ಲೋ?"

"ಸಮ ಅಂದಿಯಲ್ಲ, ಕುಂದರು!"

ಮಾಸ್ತರ ಅಡ್ವಾನ್ಸು ವಾಪಸು ಪಡೆದು ಅಂಗಡಿ ಬಿಟ್ಟುಕೊಟ್ಟ. ಈಗ ನಾನು ಅವನ ಮನೆಯ ಮೆಟ್ಟಿಲ ಕೆಳಗಿದ್ದೇನೆ. ಬಂದವರಿಗೆ ಕಾಣದಿರಲೆಂದು ಹಳೇ ಸೀರೆ ಹೊದಿಸಿದ್ದಾರೆ. ಗುಡ್ಡಪ್ಪ ತನ್ನ ಸೈಟಿನಲ್ಲಿ ತಗಡು ಹೊದಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ಕೆಲಸ ನಡೆಸಿದ್ದಾನಂತೆ. ಗಿರಾಕಿಗಳೂ ಅಲ್ಲಿಗೇ ಹೋದರು. ಹೋಗಲಿ, ನನಗೆ ಬೇಜಾರಿಲ್ಲ. ಅವರು ಬರುತ್ತಿದ್ದದ್ದು ಆ ಕೈಗಾಗಿ, ನನ್ನ ರೆಕ್ಸಿನ್ನಿಗಾಗಿ ಅಲ್ಲ.

ನಾಳೆ ನನ್ನನ್ನು ಗುಜರಿಗೆ ಹಾಕುತ್ತಾರಂತೆ. ಹಾಕಲಿ! ಮಕ್ಕಳನ್ನು ಹೆತ್ತವರೇ, ಕೊನೆಗೆ ಉಳಿದದ್ದನ್ನು ಎರಡು ಮಾಡಿ ಸಮ ಅನ್ನಬೇಡಿ. ಮೊದಲೇ ಒಬ್ಬನಿಗೆ ಸುರಿದದ್ದನ್ನೂ ನಡುವೆ ತಂದಿಡಿ, ಆಮೇಲೆ ಹೇಳಿ. ಕರಗಿಸಿದರೂ ನಾನು ಹೇಳುವುದು ಇಷ್ಟೇ.