ಹಲ್ಲು ಮೂಡಿದ ನೀರು

ಕಪೇಕ ಸಿಟ್ಟು ಬಂದರೆ ಕೂಗಾಡುವ ಹೆಂಗಸಲ್ಲ, ಅಡುಗೆಮನೆಯ ಕಪಾಟು ಒರೆಸುತ್ತಾಳೆ. ಪ್ರೂಯಿಟ್ ಮೇಷ್ಟ್ರು ಮತ್ತೆ ದ್ವೀಪಕ್ಕೆ ಬಂದಿದ್ದಾರೆಂದು ಪಕ್ಕದ ಮನೆಯ ಲುಕಾ ಹೇಳಿದ ಬೆಳಿಗ್ಗೆ ಅವಳು ಒಂದೇ ಕಪಾಟನ್ನು ಮೂರು ಸಲ ಒರೆಸಿದಳು.

"ನಿನ್ನ ಮನೆಗೇ ಬರ್ತಾರಂತೆ. ಉಪ್ಪಿನ ಮಾತುಗಳ ಪುಸ್ತಕ ಮತ್ತೆ ಅಚ್ಚು ಹಾಕಿಸ್ತಾರಂತೆ, ಪದ ಕಮ್ಮಿ ಬಿದ್ದಿದೆಯಂತೆ" ಎಂದಳು ಲುಕಾ.

"ಬರ್ಲಿ."

"ಬರ್ಲಿ ಅಂತೀಯಲ್ಲೇ. ನಾನಾಗಿದ್ರೆ ಬಾಗಿಲಲ್ಲೇ ಪೊರಕೆ ಹಿಡ್ಕೊಂಡು ನಿಲ್ತಿದ್ದೆ."

"ಪೊರಕೆ ಏಟು ಎರಡು ದಿನಕ್ಕೆ ಮರ್ತುಹೋಗತ್ತೆ" ಎಂದು ಕಪೇಕ ಬಟ್ಟೆ ಹಿಂಡಿದಳು.

ಕೌವಾಯಿ ದ್ವೀಪದ ಪಶ್ಚಿಮ ತೀರದ ಆ ಉಪ್ಪಿನಾಗರದಲ್ಲಿ ಇಪ್ಪತ್ತು ಮನೆತನಗಳಿಗೆ ಒಂದೊಂದು ಉಪ್ಪಿನ ಪಾತಿ. ಅಲ್ಲಿಯ ಉಪ್ಪನ್ನು ಯಾರೂ ಮಾರುವುದಿಲ್ಲ, ಮಾರಿದವರ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ. ಉಪ್ಪು ಕೊಡುವುದಕ್ಕಿರುವುದು. ಮದುವೆಗೆ, ಸಾವಿಗೆ, ಹೊಸ ಮನೆಗೆ, ಜಗಳ ಮುಗಿದಾಗ, ಸುಮ್ಮನೆ ಬಂದುಹೋದವರಿಗೂ ಒಂದು ಚೀಲ. ಕಪೇಕಳ ತಾಯಿ ಮಿಲಿಯಾಮಳ ಪಾತಿ ಬಾವಿಯ ಪಕ್ಕದ್ದು, ಕಪ್ಪು ಜೇಡಿಮಣ್ಣನ್ನು ನಯಗಲ್ಲಿನಿಂದ ಬಡಿದು ಬಡಿದು ಮುಖ ಕಾಣುವಷ್ಟು ನುಣುಪು ಮಾಡಿಟ್ಟದ್ದು. ನೀರಿಗೂ ಹರಳಿಗೂ ಇರುವ ಹೆಸರುಗಳು ಅವಳಷ್ಟು ಯಾರಿಗೂ ಗೊತ್ತಿರಲಿಲ್ಲ. ಬಾವಿಯಿಂದ ಎತ್ತಿದ್ದು ತಾಯಿನೀರು. ಕಟ್ಟೆಯಲ್ಲಿ ಬಿಸಿಲು ಕುಡಿಯುತ್ತ ಕೂತದ್ದು ಕಾಯುವ ನೀರು. ಮೇಲೆ ತೆಳುವಾಗಿ ಕೆನೆಗಟ್ಟಿ ಮೊದಲ ಹರಳು ಮೂಡುವಾಗ ಅದು ಹಲ್ಲು ಮೂಡಿದ ನೀರು. ಆ ಹೊತ್ತಿಗೆ ಪಾತಿಯ ಹತ್ತಿರ ಜೋರಾಗಿ ನಡೆದರೂ ಮಿಲಿಯಾಮ ಬೈಯುತ್ತಿದ್ದಳು. ಮುಟ್ಟಿದರೆ ಕೆನೆ ಒಡೆದು ಮುಳುಗುತ್ತದೆ, ವಾರದ ಬಿಸಿಲು ದಂಡ.

ಪ್ರೂಯಿಟ್ ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಒಂದು ಬೇಸಿಗೆಯಿಡೀ ಮಿಲಿಯಾಮಳ ಅಡುಗೆಮನೆಯಲ್ಲಿ ಕೂತು, ಅವಳ ಮೀನು ತಿಂದು, ಅವಳ ಮಾತನ್ನು ಟೇಪಿಗೆ ತುಂಬಿಕೊಂಡರು. ಬೂಟು ಕೆಸರಾಗುತ್ತದೆಂದು ಒಂದು ದಿನವೂ ಪಾತಿಗೆ ಇಳಿಯಲಿಲ್ಲ. "ಮಕ್ಕಳಿಗೆ ಕಲಿಸೋಕೆ ಕೊಡ್ತಿದೀನಿ ಮೇಷ್ಟ್ರೇ. ಉಪ್ಪಿನ ಹಾಗೇನೇ ಇದು, ಮಾರೋ ಹಾಗಿಲ್ಲ" ಎಂದು ಮಿಲಿಯಾಮ ಹೇಳಿದಾಗ ಕಪೇಕ ಅಲ್ಲೇ ಅಕ್ಕಿ ತೊಳೆಯುತ್ತಿದ್ದಳು. ಮೇಷ್ಟ್ರು ತಲೆ ಅಲ್ಲಾಡಿಸಿದ್ದರು.

ಮೂರು ವರ್ಷ ಕಳೆದು ಪುಸ್ತಕ ಬಂತು. ಅದರ ಹಿಂದೆಯೇ ಅಂಗಡಿಗಳಿಗೆ ಯಾವುದೋ ಕಂಪನಿಯ ಉಪ್ಪಿನ ಡಬ್ಬಿಗಳು ಬಂದವು. ಡಬ್ಬಿಯ ಮೇಲೆಲ್ಲ ಮಿಲಿಯಾಮಳ ಮಾತುಗಳು. ಆಗರದ ಹಿರಿಯ ನಾಹಿನು ಕೇಳಿದಾಗ ಪ್ರೂಯಿಟ್ ಒಂದೇ ಮಾತು ಹೇಳಿದರು: ಮಿಲಿಯಾಮಳೇ ಒಪ್ಪಿ ಮಾರಿದ್ದು, ಎಲ್ಲ ಟೇಪಿನಲ್ಲಿದೆ. ಟೇಪು ಯಾರೂ ಕೇಳಲಿಲ್ಲ. ಮಗಳ ಸಾಕ್ಷಿಗೆ ಯಾರೂ ಕಿವಿಗೊಡಲಿಲ್ಲ. ನಾಹಿನು ಬಾವಿಯ ಪಕ್ಕದ ಪಾತಿಯನ್ನು ಮುಚ್ಚಿಸಿದ. ಅಲ್ಲಿ ಹುಲ್ಲು ಬೆಳೆಯಿತು.

ಆರು ವರ್ಷದ ಹಿಂದೆ ಸಾಯುವ ಮುಂಚೆ ಮಿಲಿಯಾಮ ಒಂದು ಚಿಟಿಕೆ ಆಗರದ ಉಪ್ಪು ಕೇಳಿದ್ದಳು. ಕಪೇಕ ನಾಹಿನುವಿನ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಒಳಗೆ ರೇಡಿಯೋ ನಿಂತಿತು, ಬಾಗಿಲು ತೆರೆಯಲಿಲ್ಲ. ಕೊನೆಗೆ ಅಂಗಡಿಯ ಡಬ್ಬಿಯದನ್ನೇ ತಾಯಿಯ ನಾಲಿಗೆಗೆ ಇಟ್ಟಳು. ಮಿಲಿಯಾಮ ಅದನ್ನು ಉಗುಳಿದಳು. ಆ ಉಗುಳನ್ನು ಒರೆಸಿದ ಕೈ ಇನ್ನೂ ಉರಿಯುತ್ತಿದೆ ಎನ್ನಿಸುವ ದಿನಗಳು ಕಪೇಕಳಿಗೆ ಈಗಲೂ ಇವೆ. ಹಾಳುಬಿದ್ದ ಪಾತಿಯನ್ನು ಈ ಸಲದ ಸುಗ್ಗಿ ಕೂಟದಲ್ಲಿ ಬೇರೆ ಮನೆತನಕ್ಕೆ ಕೊಡುವುದೆಂದು ನಾಹಿನು ಹೇಳಿದ್ದೂ ಅವಳ ಕಿವಿಗೆ ಬಿದ್ದಿತ್ತು.

ಪ್ರೂಯಿಟ್ ಬಂದರು. ಕೂದಲು ಬೆಳ್ಳಗಾಗಿತ್ತು, ಬೂಟು ಮಾತ್ರ ಅದೇ ತರಹದ್ದು. ಕಪೇಕ ಮೀನು, ಕೆಸುವಿನ ಗೆಡ್ಡೆ ಅರೆದು ಮಾಡಿದ ಪೋಯಿ ಬಡಿಸಿದಳು.

"ನಿನ್ನ ಮೇಲೆ ನನಗೆ ಯಾವ ಬೇಜಾರೂ ಇಲ್ಲಮ್ಮ" ಎಂದರು ಮೇಷ್ಟ್ರು.

"ನಿಮ್ಮ ದೊಡ್ಡತನ" ಎಂದಳು ಕಪೇಕ.

"ಅಮ್ಮ ಹೇಳದೆ ಬಿಟ್ಟ ಮಾತು ಏನಾದ್ರೂ ಉಳಿದಿದ್ಯಾ?"

"ಮೂರಿವೆ. ಬರ್ಕೊಳ್ಳಿ. ಆದ್ರೆ ನನ್ನ ಹೆಸರು ಎಲ್ಲೂ ಬರ್ಕೂಡದು."

ಮೇಷ್ಟ್ರ ಮುಖ ಅರಳಿದ್ದನ್ನು ಅವಳು ನೋಡಿದಳು. "ಖಂಡಿತ ಇಲ್ಲ. ಸುಗ್ಗಿ ಮುಗಿದಾಗ ಕೂಟದಲ್ಲಿ ಹೊಸ ಪುಸ್ತಕ ಓದಿ ಅಂದಿದಾರೆ ಆಗರದವರು. ನೀನು ಬರ್ತೀಯಾ?"

"ಹತ್ತೊಂಬತ್ತು ವರ್ಷ ಆಯ್ತು, ನಮ್ಮ ಮನೆಯಿಂದ ಯಾರೂ ಆ ಕಡೆ ತಲೆ ಹಾಕಲ್ಲ."

ಮೂರು ಪದ, ಮೂರು ಅರ್ಥ. ಮೇಷ್ಟ್ರು ಅಂದವಾದ ಅಕ್ಷರದಲ್ಲಿ ಬರೆದುಕೊಂಡರು, ಹೋಗುವಾಗ ಇನ್ನೊಂದು ತುಂಡು ಮೀನು ಕಟ್ಟಿಸಿಕೊಂಡರು.

ಅದೇ ಮಧ್ಯಾಹ್ನ ಕಪೇಕ ನಾಹಿನುವಿನ ಮನೆಗೆ ಹೋದಳು. ಆರು ವರ್ಷದ ಮೇಲೆ ಆ ಬಾಗಿಲು ತಟ್ಟುವುದು ವಿಷ ನುಂಗಿದಷ್ಟು ಕಷ್ಟವಾಯಿತು, ಆದರೂ ತಟ್ಟಿದಳು. ಈ ಸಲ ಅವನು ತೆರೆದ. ಎಂಬತ್ತು ದಾಟಿದ ಮುದುಕ, ಕೋಲು ಹಿಡಿದು ನಿಂತಿದ್ದ.

"ಈ ಲಕೋಟೆ ಇಟ್ಕೊಳ್ಳಿ ಮಾವ. ಅಂಟಿಸಿದ ಜಾಗದ ಮೇಲೆ ಇವತ್ತಿನ ತಾರೀಖು ಹಾಕಿ, ನಿಮ್ಮ ಸಹಿ ಮಾಡಿ. ಕೂಟದ ದಿನ ನಾನು ಹೇಳಿದಾಗ ಒಡೀರಿ."

"ಏನಿದೆ ಇದ್ರಲ್ಲಿ?"

"ಬಾಂಬಲ್ಲ. ಅವತ್ತು ನಮ್ಮಮ್ಮನ ಟೇಪು ಕೇಳದೇನೇ ನಂಬಿದ್ರಲ್ಲ, ಇದನ್ನೂ ನೋಡದೇನೇ ಇಟ್ಕೊಳ್ಳಿ."

ಮುದುಕ ಅವಳ ಮುಖ ನೋಡದೆ ಸಹಿ ಮಾಡಿದ.

ಕೂಟ ಸೆಪ್ಟೆಂಬರಿನಲ್ಲಿ, ಕೊನೆಯ ಉಪ್ಪು ಎತ್ತಿದ ಭಾನುವಾರ. ಆಗರದ ಅಂಚಿನ ಮರದ ಕೆಳಗೆ ಚಾಪೆ ಹಾಸಿ ಉಳಿದ ಹತ್ತೊಂಬತ್ತು ಮನೆಯವರೂ ಊಟದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಕೊಡುವ ಚೀಲಗಳನ್ನು ಮೇಜಿನ ಮೇಲೆ ಸಾಲಾಗಿಟ್ಟಿದ್ದರು, ಒಂದು ಮೇಷ್ಟ್ರ ಹೆಸರಿನದು. ಕಪೇಕ ಲುಕಾಳ ವ್ಯಾನಿನಲ್ಲಿ ಕೂತು ಅರ್ಧ ಇಳಿಸಿದ ಗಾಜಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಮೇಷ್ಟ್ರು ಆ ಪದಗಳನ್ನು ಬಿಟ್ಟುಬಿಟ್ಟರೆ ಎಲ್ಲ ಮಣ್ಣುಪಾಲು.

ಮೇಷ್ಟ್ರು ಬಿಡಲಿಲ್ಲ. ಹೊಸ ಪುಸ್ತಕ ತೆರೆದು ಗಂಟಲು ಸರಿಮಾಡಿಕೊಂಡರು. "ಈವರೆಗೆ ಅಚ್ಚಾಗದ ಮೂರು ಅಪರೂಪದ ಮಾತು. ಒಂದು, ಮಳೆಹರಳು. ಪಾತಿಯ ಮೇಲೆ ಮಳೆ ಬಿದ್ದಾಗ ದಪ್ಪ ಆಗೋ ಹರಳು."

ಚಾಪೆಯ ಮೇಲೆ ಯಾರೋ ಕೆಮ್ಮಿದರು. ಮಳೆ ಬಿದ್ದರೆ ಉಪ್ಪು ಕರಗಿ ನೀರಾಗುತ್ತದೆಂಬುದು ಅಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

"ಎರಡು, ನೆರಳುಪ್ಪು. ಬಿಸಿಲು ತಾಗದ ಹಾಗೆ ಮುಚ್ಚಿ ಬೆಳೆಸಿದ ಉಪ್ಪು. ಮೂರು, ಸಂಜೆಕಲಕು. ಹಲ್ಲು ಮೂಡಿದ ನೀರನ್ನ ದಿನಾ ಸಂಜೆ ಬರಿಗೈಯಲ್ಲಿ ಕಲಕ್ತಾರಲ್ಲ, ಆ ನೀರಿನ ಹೆಸರು."

ಈಗ ನಗು ತಡೆಯಲಾಗಲಿಲ್ಲ. ನಾಹಿನು ಮಾತ್ರ ನಗಲಿಲ್ಲ. ಕೋಲೂರಿ ಎದ್ದ.

"ಇದನ್ನೆಲ್ಲ ಯಾರು ಹೇಳಿದ್ದು ನಿಮಗೆ?"

"ಮಿಲಿಯಾಮ" ಎಂದರು ಮೇಷ್ಟ್ರು. "ಅವಳ ಬಾಯಿಂದಲೇ ಕೇಳಿದ್ದು. ಟೇಪಿನಲ್ಲಿದೆ."

"ಯಾವ ಟೇಪು?"

"ಅದೇ ಟೇಪು. ಮಾತುಗಳನ್ನ ನನಗೆ ಮಾರ್ತೀನಿ ಅಂತ ಒಪ್ಪಿದ್ದೂ ಅದರಲ್ಲೇ ಇದೆ."

ವ್ಯಾನಿನ ಬಾಗಿಲು ತೆರೆದ ಸದ್ದಿಗೆ ಎಲ್ಲರೂ ತಿರುಗಿದರು. ಕಪೇಕ ನಡೆದುಬಂದು ಮೇಜಿನ ಮುಂದೆ ನಿಂತಳು. ಮೇಷ್ಟ್ರು ಪುಸ್ತಕದೊಳಗೆ ಬೆರಳಿಟ್ಟುಕೊಂಡೇ ಉಳಿದರು.

"ಲಕೋಟೆ ಒಡೀರಿ, ಮಾವ."

ನಾಹಿನು ತನ್ನದೇ ಸಹಿಯನ್ನು ಒಮ್ಮೆ ನೋಡಿ, ಹರಿದು, ಕನ್ನಡಕವನ್ನು ಮೂಗಿಗೇರಿಸಿ ಓದಿದ. ಮಳೆಹರಳು, ನೆರಳುಪ್ಪು, ಸಂಜೆಕಲಕು. ಅರ್ಥವೂ ಅಕ್ಷರಕ್ಕಕ್ಷರ ಅದೇ. ಕೆಳಗೆ ಕಪೇಕ ಬರೆದಿದ್ದಳು: ಈ ಮೂರನ್ನೂ ನಾನು ಇವತ್ತು ಪಾತ್ರೆ ತೊಳೆಯುತ್ತ ಕಟ್ಟಿದ್ದು, ಈ ಆಗರದಲ್ಲಿ ಯಾರೂ ಎಂದೂ ಆಡಿದ ಮಾತಲ್ಲ, ಮೇಷ್ಟ್ರು ಇದನ್ನು ನಮ್ಮಮ್ಮನ ಬಾಯಿಗೆ ಹಾಕುತ್ತಾರೆ, ನೋಡುತ್ತಿರಿ.

ನಗು ನಿಂತುಹೋಯಿತು.

"ನಮ್ಮಮ್ಮ ಹಲ್ಲು ಮೂಡಿದ ನೀರಿಗೆ ಕೈ ಹಾಕ್ತಿದ್ಲಾ? ನೀವೇ ಹೇಳಿ" ಎಂದಳು ಕಪೇಕ, ಒಬ್ಬೊಬ್ಬರ ಮುಖವನ್ನೂ ನೋಡುತ್ತ. "ಇದು ಇರೋ ಟೇಪಲ್ಲೇ ಅವಳು ಮಾರಿದ್ದೂ ಇರೋದು. ಮೇಷ್ಟ್ರೇ ಹೇಳಿದ್ರಲ್ಲ, ಅದೇ ಟೇಪು ಅಂತ."

ಮೇಷ್ಟ್ರು ನೀರು ಕೇಳಿದರು. ಯಾರೂ ಏಳಲಿಲ್ಲ. ಮೇಜಿನ ಮೇಲಿದ್ದ ಅವರ ಹೆಸರಿನ ಚೀಲವನ್ನು ಲುಕಾ ಎತ್ತಿ, ಅವರ ಕಣ್ಣೆದುರೇ ಪಕ್ಕದ ಪಾತಿಗೆ ಸುರಿದಳು. ಆ ಆಗರದಿಂದ ಬರಿಗೈಯಲ್ಲಿ ಹೋದ ಅತಿಥಿ ಅಲ್ಲಿಯವರ ನೆನಪಿನಲ್ಲಿ ಅವರೊಬ್ಬರೇ. ಕಾರಿನವರೆಗೆ ನಡೆದಾಗ ಬೂಟು ಪೂರ್ತಿ ಕೆಸರಾಗಿತ್ತು. ಕಪೇಕ ಅದನ್ನು ಕಣ್ತುಂಬ ನೋಡಿದಳು, ಹಿತವಾಯಿತು.

ನಾಹಿನು ಇದ್ದುದರಲ್ಲೇ ದೊಡ್ಡ ಚೀಲ ಎತ್ತಿಕೊಂಡು ಅವಳ ಹತ್ತಿರ ಬಂದ.

"ಬಾವಿ ಪಕ್ಕದ ಪಾತಿ ನಿಂದೇ ಮಗಳೇ. ಇದನ್ನ ತಗೋ. ನಮ್ಮ ಜಗಳ ಇಲ್ಲಿಗೆ ಮುಗೀಲಿ."

ಕಪೇಕ ಕೈ ಚಾಚಲಿಲ್ಲ. "ಪಾತಿ ತಗೋತೀನಿ. ಉಪ್ಪು ಕೇಳಿದ್ದು ನಾನಲ್ಲ ಮಾವ, ನಮ್ಮಮ್ಮ."

"ಈಗ ಅವಳಿಗೆ ಹೇಗೆ ಕೊಡ್ಲಿ?"

"ಚರ್ಚಿನ ಹಿಂದೆ, ಎಡಗಡೆ ಮೂರನೇ ಕಲ್ಲು. ನೀವೇ ಹೊತ್ಕೊಂಡು ಹೋಗಿ. ಆವತ್ತು ಬಾಗಿಲು ಯಾಕೆ ತೆಗೀಲಿಲ್ಲ ಅಂತಾನೂ ಹೇಳ್ಬಿಟ್ಟು ಬನ್ನಿ."

"ಅಜ್ಜ, ನಾನು ಹೊರ್ತೀನಿ" ಎಂದು ಮೊಮ್ಮಗಳು ಎದ್ದಳು.

"ಕೂತ್ಕೋ" ಎಂದಳು ಕಪೇಕ.

ಮೊಮ್ಮಗಳು ಕೂತಳು. ಒಂದು ಕೈಯಲ್ಲಿ ಕೋಲು, ಹೆಗಲ ಮೇಲೆ ಚೀಲ, ನಾಹಿನು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಚರ್ಚಿನ ಏರು ಹತ್ತತೊಡಗಿದ. ಎರಡು ಸಲ ನಿಂತ. ಹತ್ತೊಂಬತ್ತು ಮನೆಯವರೂ ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದರು. ಕಪೇಕ ಚಾಪೆಯ ಮೇಲೆ ತಾಯಿಯ ಜಾಗದಲ್ಲಿ ಕೂತು, ತಟ್ಟೆ ಎಳೆದುಕೊಂಡು, ಅವನು ಮೂರನೇ ಸಲ ನಿಂತಾಗ ಮೀನಿಗೆ ಉಪ್ಪು ಹಾಕಿಕೊಂಡಳು.