ಎಡಗೈ ಬರೆದ ಬೋರ್ಡು

ಇನ್ನೊಂದು ಸುತ್ತು ಹೊರಳಿಸಿದ್ದರೆ ಅಕ್ಷರ ಮುಗಿಯುತ್ತಿತ್ತು, ಅಷ್ಟರಲ್ಲಿ ಗೋಡೆ ಅದರ ತಲೆಕಟ್ಟನ್ನು ಕುಡಿದುಬಿಟ್ಟಿತು. ಪೇಂಟರಣ್ಣ ಬ್ರಷ್ಷನ್ನು ನೀರಿನ ಡಬ್ಬಿಗೆ ಅದ್ದಿ, ಅಂಚಿಗೆ ಒತ್ತಿ ಹಿಂಡಿ, ಮತ್ತೆ ಮೊದಲಿನಿಂದ ಶುರು ಮಾಡಿದ.

ತಾರಸಿಯ ಮೋಟುಗೋಡೆ ಬಿಸಿಲಿಗೆ ಕಾದಿತ್ತು. ನೀರಲ್ಲಿ ಬರೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಅದೇ ಒಳ್ಳೆಯದಾಯಿತು ಅಂದುಕೊಂಡಿದ್ದ ಅವನು. ಎಡಗೈ ಗೀಚಿದ್ದು ಉಳಿದುಕೊಂಡರೆ ತಾನೇ ನೋಡಿ ಮುಖ ಸಿಂಡರಿಸಬೇಕಾಗುತ್ತಿತ್ತು.

"ಭಾವ, ಗೋಡೆಗೆ ಸ್ನಾನ ಮಾಡಿಸ್ತಿದ್ದೀರೋ, ಬರೀತಿದ್ದೀರೋ?" ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದ ತಮ್ಮನ ಹೆಂಡತಿ ಕೇಳಿದಳು.

"ಎರಡೂ."

"ಅದೇ ನೀರಲ್ಲಿ ನಾಲ್ಕು ಕರ್ಚೀಫ್ ಒಗೆದುಕೊಡಿ. ನಿಮ್ಮ ಕೈಗೂ ಕಸರತ್ತು, ನನಗೂ ಪುಣ್ಯ."

"ಕರ್ಚೀಫ್ ಮೇಲೆ ಏನು ಬರೀಬೇಕು ಹೇಳು, ಬರೆದು ಒಗೀತೀನಿ."

ಅವಳು ನಕ್ಕು ಬಕೆಟ್ಟನ್ನು ಕಾಲಲ್ಲಿ ಮುಂದಕ್ಕೆ ತಳ್ಳಿದಳು. ಅವಳ ಬಾಯಿ ಬಿರುಸು, ಮನಸ್ಸು ಮೆದು. ಲಕ್ವ ಹೊಡೆದ ಹೊಸತರಲ್ಲಿ ತುತ್ತು ಮಾಡಿ ಅವನ ಬಾಯಿಗಿಟ್ಟವಳು ಅವಳೇ. ತಮ್ಮನಂತೂ ಮೈ ತೊಳೆದಿದ್ದ, ಹಾಸಿಗೆ ಬದಲಿಸಿದ್ದ, ಗಡ್ಡ ಹೆರೆದಿದ್ದ, ಒಂದು ದಿನವೂ ಮೂಗು ಮುರಿದವನಲ್ಲ. ಬಾಯಿ, ಕಾಲು ಎರಡೂ ಬೇಗ ತಮ್ಮ ಕೆಲಸಕ್ಕೆ ಹಿಂದಿರುಗಿದವು. ಬಲಗೈ ಮಾತ್ರ ಬರಲಿಲ್ಲ. ಪೇಟೆಯ ಅರ್ಧ ಅಂಗಡಿಗಳ ಹೆಸರು ಬರೆದಿದ್ದ ಕೈ ಈಗ ಅವನ ಮಗ್ಗುಲಲ್ಲಿ, ಯಾರದೋ ಮನೆಗೆ ಬಂದು ಮಾತಾಡದೆ ಕೂತ ನೆಂಟನ ಹಾಗೆ ಇತ್ತು.

ಮನೆಯವರ ಒಳ್ಳೆಯತನ ಅವನನ್ನು ಕಟ್ಟಿಹಾಕಿತ್ತು. ಸಾರು ಸಪ್ಪಗಿದೆ ಅನ್ನುವಂತಿರಲಿಲ್ಲ. ಫ್ಯಾನು ಜೋರಾಯಿತು ಅನ್ನುವಂತಿರಲಿಲ್ಲ. ಬದುಕಿಸಿಕೊಂಡವರ ಎದುರು ಮುನಿಸಿಕೊಳ್ಳಲು ಯಾವ ಮುಖವಿದೆ? ಗೋಡೆಯ ಮುಂದೆ ನಿಂತಾಗ ಮಾತ್ರ ಅವನು ಯಾರಿಗೂ ಋಣಿಯಾಗಿರುತ್ತಿರಲಿಲ್ಲ. ನಿನ್ನೆಗಿಂತ ಇವತ್ತು ಸುತ್ತು ಕೊಂಚ ದುಂಡಗೆ ಬಂದರೆ, ಆ ಕೊಂಚ ಅವನದೇ.

ಈ ಗೋಡೆಯ ಕೆಲಸ ಶುರುವಾದದ್ದು ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ. ಅಲ್ಲೊಂದು ಕಟ್ಟಳೆಯಿತ್ತು. ಕಸರತ್ತಿಗೆ ಮೊದಲು ಎಲ್ಲರೂ ವೃತ್ತವಾಗಿ ಕೂರಬೇಕು. ಬಿದ್ದುಹೋದ ಕೈಯನ್ನೋ ಕಾಲನ್ನೋ ಒಳ್ಳೆಯ ಕೈಯಲ್ಲಿ ಹಿಡಿದುಕೊಂಡು ಅದಕ್ಕೆ ಧನ್ಯವಾದ ಹೇಳಬೇಕು. ಅದನ್ನು ತಂದವರು ಅಲ್ಲಿನ ಮೇಡಂ. ಚಿಕ್ಕ ವಯಸ್ಸು, ನಗುಮುಖ, ಬೈದರೂ ಹೊಗಳಿದ ಹಾಗಿರುವ ದನಿ.

"ನನ್ನ ಕಾಲಿಗೆ ಧನ್ಯವಾದ," ಅಂದ ಬಸ್ ಕಂಡಕ್ಟರ್, ಸೊಟ್ಟಗಾದ ಪಾದವನ್ನು ತಟ್ಟುತ್ತ. "ಇಷ್ಟು ವರ್ಷ ನಿಂತೇ ಇದ್ದೆ. ನೀನು ಕೈಕೊಟ್ಟ ಮೇಲೆ ನನಗೂ ಒಂದು ಸೀಟು ಸಿಕ್ತು."

ಕೋಣೆಯೆಲ್ಲ ನಕ್ಕಿತು. ಮೇಡಂ ಕೂಡ. "ಪೇಂಟರಣ್ಣ, ಈಗ ನೀವು."

ಅವನು ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಧನ್ಯವಾದ," ಅಂದ.

"ಯಾತಕ್ಕೆ ಅಂತ ಹೇಳಿ."

"ಅದು ನಮ್ಮಿಬ್ಬರ ಮಧ್ಯೆ ಇರ್ಲಿ ಮೇಡಂ."

ಅವರು ಬಿಡಲಿಲ್ಲ. ಎಲ್ಲರಿಗೂ ಒಂದು ಗುರಿ ಇರಬೇಕಂತೆ. ಅವನದು ಅಂಗಿಗೆ ಗುಂಡಿ ಹಾಕಿಕೊಳ್ಳುವುದು ಅಂತ ಇಟ್ಟುಕೊಳ್ಳೋಣವೇ? ತಾನಾಗಿಯೇ ಬಾಚಿಕೊಳ್ಳುವುದು?

"ತಲೇಲಿ ಕೂದಲಿದ್ರೆ ತಾನೇ," ಅಂದ ಕಂಡಕ್ಟರ್.

"ಬೋರ್ಡ್ ಬರೀಬೇಕು," ಅಂದ ಪೇಂಟರಣ್ಣ. "ನೀವು ಕೆಳಗಡೆ ಹೊಸ ಕೋಣೆಗೆ ಹೋಗ್ತಿದ್ದೀರಲ್ಲ, ಅದರ ಬೋರ್ಡ್ ನಾನು ಬರೀತೀನಿ. ಎಡಗೈಯಲ್ಲಿ."

ಮೇಡಂ ಮುಖ ಅರಳಿತು. "ಎಷ್ಟು ಚೆನ್ನಾಗಿರುತ್ತೆ ಗೊತ್ತಾ? ಬಾಗಿಲಿಗೆ ಬಂದೋರು ಮೊದಲು ನಿಮ್ಮ ಕೈ ನೋಡ್ತಾರೆ."

ಆ ಮಾತನ್ನು ಅವನು ಮನೆಯವರೆಗೆ ಹೊತ್ತುಕೊಂಡು ಬಂದ.

ಅಲ್ಲಿಂದ ಅವನ ಬೆಳಗುಗಳಿಗೆಲ್ಲ ಒಂದೇ ಕೆಲಸ. ಮೊದಲು ನೀರು, ಗೋಡೆ. ಆಮೇಲೆ ಹಳೆಯ ಪೇಪರಿನ ಮೇಲೆ ಇದ್ದಿಲು. ಬಹಳ ದಿನದ ನಂತರ ತಗಡಿನ ಚೂರಿನ ಮೇಲೆ ಬಣ್ಣ. ನಲವತ್ತು ವರ್ಷ ಬಲಗೈ ಸಲೀಸಾಗಿ ಮಾಡಿದ್ದನ್ನು ಎಡಗೈ ಅಂಬೆಗಾಲಿಡುತ್ತ ಕಲಿಯಿತು. ಕೆಲವು ದಿನ ನಿನ್ನೆ ಬಂದದ್ದು ಇವತ್ತು ಬರುತ್ತಿರಲಿಲ್ಲ. ಅಂಥ ದಿನ ಡಬ್ಬಿ ಒದ್ದು ಕೆಳಗಿಳಿಯುತ್ತಿದ್ದ, ಊಟದ ಹೊತ್ತಿಗೆ ನಾಚಿಕೊಂಡು ಮತ್ತೆ ಹತ್ತುತ್ತಿದ್ದ.

ಕೊನೆಗೆ ಬೋರ್ಡಿನ ದಿನ ಬಂತು. ದಾರಕ್ಕೆ ಇದ್ದಿಲು ಬಳಿದು, ಒಂದು ತುದಿಯನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟು, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ ಎಳೆದು ಹಿಡಿದು, ಎಡಗೈಯಲ್ಲಿ ಮೀಟಿ ಗೆರೆ ಹೊಡೆದ. ಬಿಳಿ ತಗಡಿನ ಮೇಲೆ ನೀಲಿ ಎನಾಮಲ್. "ವ್ಯಾಯಾಮ ಕೊಠಡಿ." ಸುತ್ತುಗಳಿಂದ ತುಂಬಿದ ಮಾತು, ಕೈಯನ್ನು ಅರೆಯಲಿಕ್ಕೆಂದೇ ಯಾರೋ ಆರಿಸಿದ ಹಾಗೆ.

ಮುಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಸಾಲು ಬಲಕ್ಕೆ ಬರುತ್ತ ತುಸು ಇಳಿದಿತ್ತು. ಎರಡನೆಯ ಅಕ್ಷರದ ಹೊಟ್ಟೆ ಉಬ್ಬಿತ್ತು. ಬ್ರಷ್ಷು ತಡವರಿಸಿದ ಕಡೆ ಬಣ್ಣ ದಪ್ಪಗೆ ಉಬ್ಬಿ ಏಣಾಗಿ ನಿಂತಿತ್ತು. ಎಲ್ಲ ತಪ್ಪೂ ಅವನಿಗೆ ಕಂಡವು. ಆದರೂ ಅಷ್ಟು ದೂರದಿಂದ ಓದಿಸಿಕೊಳ್ಳುತ್ತಿತ್ತು; ನೆಟ್ಟಗೆ ನಿಂತಿಲ್ಲದಿದ್ದರೂ ನಿಂತಿತ್ತು.

ಸಂಜೆ ತಮ್ಮ ಬಂದ. ಅಣ್ಣ ಬೋರ್ಡು ಬರೆಯುತ್ತಿದ್ದ ಅಂಗಡಿಯಲ್ಲೇ ಈಗ ಅವನ ಸ್ಟಿಕರ್ ಕತ್ತರಿಸುವ ಮಷಿನ್ ಕೂತಿತ್ತು. ಬೋರ್ಡನ್ನು ತಲೆ ವಾರೆ ಮಾಡಿ ನೋಡಿದ.

"ಚೆನ್ನಾಗಿದೆ ಅಣ್ಣ. ತುಂಬಾ ಚೆನ್ನಾಗಿದೆ."

ಚಿಕ್ಕ ಮಕ್ಕಳ ಚಿತ್ರ ನೋಡಿ ಹೇಳುವ ದನಿ ಅದು. ಪೇಂಟರಣ್ಣನಿಗೆ ಗೊತ್ತಾಯಿತು, ಗೊತ್ತಾಗದವನ ಹಾಗೆ ಇದ್ದ.

"ಸಾಲು ಇಳಿದಿದೆ ಕಣೋ."

"ಯಾರು ನೋಡ್ತಾರೆ ಬಿಡು. ಅಂಗಡಿಗೆ ತಗೊಂಡು ಹೋಗಿ ಫ್ರೇಮ್ ಹಾಕಿಸ್ತೀನಿ. ಬೇರೇನೂ ತಲೆ ಕೆಡಿಸ್ಕೋಬೇಡ."

ಹೊಸ ಕೋಣೆ ತೆರೆಯುವ ಬೆಳಿಗ್ಗೆ ತಮ್ಮನೇ ಅವನಿಗೆ ಇಸ್ತ್ರಿ ಅಂಗಿ ತೊಡಿಸಿದ, ಬೇಡವೆಂದರೂ ಗುಂಡಿ ಹಾಕಿದ. ಬಾಗಿಲ ಮೇಲೆ ಬೋರ್ಡಿಗೆ ಹಳದಿ ಬಟ್ಟೆ ಮುಚ್ಚಿದ್ದರು. ಎಲ್ಲರೂ ಬಂದಿದ್ದರು. ಕಂಡಕ್ಟರ್ ಕೋಲೂರಿಕೊಂಡು ಮುಂದೆ ಬಂದು ನಿಂತಿದ್ದ. ಆಸ್ಪತ್ರೆಯ ದೊಡ್ಡ ಡಾಕ್ಟರು ಎರಡು ಮಾತಾಡಿ ಬಟ್ಟೆ ಎಳೆದರು.

ಚಪ್ಪಾಳೆ ಬಿತ್ತು.

ಬೋರ್ಡು ಸುಂದರವಾಗಿತ್ತು. ಸಾಲು ಗೀರಿದಂತೆ ನೆಟ್ಟಗಿತ್ತು. ಅಕ್ಷರಗಳು ತುಂಬಿದ ಕೆನ್ನೆಯವು, ತಲೆಕಟ್ಟುಗಳಿಗೆ ಒಂದೇ ಬಳುಕು. ಪೇಂಟರಣ್ಣ ಒಂದೊಂದನ್ನೂ ಗುರುತು ಹಿಡಿದ. ಮೊದಲನೆಯದು ಔಷಧಿ ಅಂಗಡಿಯ ಬೋರ್ಡಿನದು, ಅವನಿಗೆ ಮದುವೆ ಮಾತು ನಡೆದು ಮುರಿದ ವರ್ಷ ಬರೆದದ್ದು. ಕೊನೆಯದು ಸೈಕಲ್ ಅಂಗಡಿಯದು. ಎಲ್ಲವೂ ಅವನದೇ. ಎಲ್ಲವೂ ಬಲಗೈಯವು.

"ಎಡಗೈಯಲ್ಲಾ ಇದು?" ಕಂಡಕ್ಟರ್ ಬಾಯಿಬಿಟ್ಟು ನಿಂತ. "ಹಾಗಾದ್ರೆ ಬಲಗೈ ಇಷ್ಟು ದಿನ ಬರೀ ಸಂಬಳ ತಿಂತಿತ್ತು ಅನ್ನಿ."

ಪೇಂಟರಣ್ಣ ತಮ್ಮನ ತೋಳು ಹಿಡಿದು ಪಕ್ಕಕ್ಕೆಳೆದ. "ನಂದೆಲ್ಲಿ?"

"ಇದೂ ನಿಂದೇ ಅಲ್ವಾ ಅಣ್ಣ. ನಿನ್ನ ಹಳೇ ಬೋರ್ಡುಗಳ ಫೋಟೋ ತೆಗೆದು, ಅಕ್ಷರ ಆರಿಸಿ, ಮಷಿನ್‌ಗೆ ಕೊಟ್ಟು ತೆಗೆಸಿದೆ. ರಾತ್ರಿ ಹಗಲು ಕೂತಿದ್ದೀನಿ."

"ನಾನು ಬರೆದಿದ್ದು ಎಲ್ಲಿ ಅಂದೆ."

ಬೋರ್ಡಿನ ಕಡೆ ಬೆರಳು ತೋರಿಸಿದ ತಮ್ಮ. "ಅದರಡೀಲಿ ಇದೆ. ಅದೇ ತಗಡು. ಮೇಲೆ ಬಿಳಿ ಸ್ಟಿಕರ್ ಹೊದಿಸಿ, ಅದರ ಮೇಲೆ ಇದನ್ನ ಅಂಟಿಸಿದ್ದೀನಿ. ಜನ ನಿನ್ನ ನೋಡಿ ನಗಬಾರದು ಅಣ್ಣ. ಅಯ್ಯೋ ಪಾಪ ಅನ್ನಬಾರದು. ನಾನು ಸಹಿಸಲ್ಲ ಅದನ್ನ."

ತಮ್ಮನ ಕಣ್ಣು ತುಂಬಿತ್ತು. ಪೇಂಟರಣ್ಣನಿಗೆ ಅವನನ್ನು ಹೊಡೆಯಬೇಕೆನಿಸಿತು. ಹೊಡೆಯಲು ಇದ್ದ ಒಂದೇ ಕೈ ಅವನ ತೋಳನ್ನೇ ಹಿಡಿದುಕೊಂಡಿತ್ತು. ಬಿಟ್ಟ. ಬಾಗಿಲ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಬೋರ್ಡಿನ ಅಕ್ಷರಗಳ ಬುಡದ ಮೇಲೆ ಹೆಬ್ಬೆರಳಾಡಿಸಿದ. ನುಣುಪು ಸ್ಟಿಕರಿನ ಕೆಳಗೆ, ಬ್ರಷ್ಷು ತಡವರಿಸಿದ ಕಡೆ, ಬಣ್ಣದ ಏಣು ಇನ್ನೂ ಇತ್ತು. ಬೆರಳಿಗೆ ಮಾತ್ರ ಸಿಗುತ್ತಿತ್ತು.

"ಪೇಂಟರಣ್ಣ, ಇಲ್ಲಿ ಬನ್ನಿ." ಮೇಡಂ ಅವನನ್ನು ನಡುವೆ ತಂದು ನಿಲ್ಲಿಸಿದರು. "ನಮ್ಮ ಪದ್ಧತಿ ಗೊತ್ತಲ್ಲ. ಮೊದಲು ಧನ್ಯವಾದ. ಇವತ್ತು ಎಲ್ಲರೂ ಕೇಳೋ ಹಾಗೆ."

ಅವನು ತಮ್ಮನ ಕಡೆ ನೋಡಿದ.

"ನನ್ನ ತಮ್ಮ ನನ್ನ ಮೈ ತೊಳೆದಿದ್ದಾನೆ," ಅಂದ. "ಅವನ ಹೆಂಡತಿ ತುತ್ತು ತಿನ್ನಿಸಿದ್ದಾಳೆ. ಅದಕ್ಕೆ ನಾನು ಸಾಯೋವರೆಗೂ ಋಣಿ. ಸುಳ್ಳಲ್ಲ ಇದು."

ತಮ್ಮ ಮುಖ ಮುಚ್ಚಿಕೊಂಡು ಅತ್ತ. ಯಾರೋ ಮತ್ತೆ ಚಪ್ಪಾಳೆ ಶುರು ಮಾಡಿದರು. ಮೇಡಂ ಮೇಜಿನ ಮೇಲಿಂದ ಹೊಸ ಬ್ರಷ್ಷು, ಸಣ್ಣ ಡಬ್ಬಿಯಲ್ಲಿ ನೀಲಿ ಬಣ್ಣ ತಂದರು. ತಮ್ಮನೇ ಬೋರ್ಡಿನ ಮೂಲೆಯಲ್ಲಿ ಅಂಗೈ ಅಗಲ ಜಾಗ ಬಿಟ್ಟಿದ್ದ. ಏಣಿಯನ್ನು ಆಗಲೇ ಒರಗಿಸಿ ಇಟ್ಟಿದ್ದರು.

"ಇಲ್ಲಿ ನಿಮ್ಮ ಸಹಿ ಹಾಕಿ. ಫೋಟೋ ತೆಗೀತಾರೆ. ಇನ್ನು ಮುಂದೆ ಬಂದವರಿಗೆಲ್ಲ, ನೋಡಿ, ದಿನಾ ಇಷ್ಟಿಷ್ಟೇ ಮಾಡಿದ್ರೆ ಹೀಗಾಗಬಹುದು ಅಂತ ತೋರಿಸ್ತೀನಿ."

ಅವನು ಬ್ರಷ್ಷು ನೋಡಿದ. ಒಳ್ಳೆಯ ಬ್ರಷ್ಷು. ಇಂಥದ್ದನ್ನು ಅವನೆಂದೂ ಕೊಂಡಿರಲಿಲ್ಲ.

"ಬೇಡ ಮೇಡಂ."

"ಸಂಕೋಚ ಯಾಕೆ? ಒಂದೇ ಒಂದು ಗೆರೆ ಸಾಕು."

"ಹಾಕೋ ಅಣ್ಣ," ಅಂದ ತಮ್ಮ ಮೆಲ್ಲಗೆ. "ನನಗೋಸ್ಕರ."

"ನಿನಗೋಸ್ಕರ ಬೇರೆ ಏನು ಬೇಕಾದ್ರೂ ಕೇಳು."

ಮೇಡಂ ಬ್ರಷ್ಷನ್ನು ಅವನ ಎಡಗೈಯೊಳಗೆ ಇಡಲು ಹೋದರು. ಅವನು ಮುಷ್ಟಿ ಬಿಚ್ಚಲಿಲ್ಲ.

"ನಾನು ಸಹಿ ಹಾಕಲ್ಲ."