ಮೂರು ಹಾಳೆ, ಎರಡು ಬೆರಳು

ಮೂವತ್ತೇಳೂವರೆ ಇಂಚು. ಇಪ್ಪತ್ತೈದು ಪಾಯಿಂಟ್ ನಾಲ್ಕರಿಂದ ಗುಣಿಸಿದರೆ ಒಂಬೈನೂರ ಐವತ್ತೆರಡೂವರೆ ಮಿಲಿಮೀಟರ್. ಬೆಳಿಗ್ಗೆಯಿಂದ ಐದು ಸಲ ಗುಣಿಸಿದ್ದೆ. ಐದು ಸಲವೂ ಅದೇ ಉತ್ತರ. ಆದರೂ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಗಾಜಿನ ಕಾರ್ಖಾನೆಯಲ್ಲಿ, ಬಂದ ಅಳತೆಗಳನ್ನು ಮಿಲಿಮೀಟರಿಗೆ ಇಳಿಸಿ ಕತ್ತರಿಸುವವರಿಗೆ ಕೊಡುವುದು ನನ್ನ ಕೆಲಸ. ಇಂದಿನ ಗಾಜು ಅಕ್ಕನ ಹೊಸ ಮನೆಯದು. ಅಲ್ಲಿ ಮಹಡಿಯ ಮೆಟ್ಟಿಲ ಪಕ್ಕದಲ್ಲಿ, ಎರಡು ಗೋಡೆಗಳ ನಡುವೆ ಬರೀ ಗಾಳಿ. ನಾಳೆ ಅಕ್ಕನ ಮನೆಯವರು ವಾಸಕ್ಕೆ ಅಲ್ಲಿಗೆ ಹೋಗಲೇಬೇಕು, ಅವಳ ಪಾಪು ಅಂಬೆಗಾಲಿಡಲು ಕಲಿತು ವಾರವಾಗಿದೆ. ಕುಲುಮೆಗೆ ಹೋಗಿ ಗಟ್ಟಿಯಾದ ಮೇಲೆ ಗಾಜನ್ನು ಕೂದಲೆಳೆಯಷ್ಟೂ ಕತ್ತರಿಸುವಂತಿಲ್ಲ. ಕತ್ತರಿಸಹೋದರೆ ಪುಡಿಪುಡಿ.

ಆಗ ಹೊಳೆಯಿತು. ಮನೆಗಳಿಗೆ ಹೋಗಿ ಅಳತೆ ತರುವ ನಮ್ಮ ಮೇಸ್ತ್ರಿಯ ಟೇಪಿನ ತುದಿ ಮುರಿದು ವರ್ಷಗಳಾಗಿವೆ. ಒಂದರ ಗೆರೆಯಿಂದ ಹಿಡಿದು ಅಳೆದು, ಮನಸ್ಸಿನಲ್ಲೇ ಒಂದು ಇಂಚು ಕಳೆದು, ಉಳಿದದ್ದನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದು ಫೋಟೊ ಕಳಿಸುವುದು ಅವರ ರೂಢಿ. ನಿನ್ನೆ ಫೋಟೊ ಬಂದಿರಲಿಲ್ಲ. ಅಳತೆಯನ್ನು ಅಕ್ಕ ಕಳಿಸಿದ್ದಳು.

ಮೇಸ್ತ್ರಿ ಫೋನ್ ಎತ್ತಲಿಲ್ಲ. ಅಕ್ಕ ಎತ್ತಿದಳು.

"ಅಳತೆ ಓದಿದ್ದು ಯಾರೇ?"

"ನಾನೇ. ಅವರು ಕನ್ನಡಕ ಮರೆತು ಬಂದಿದ್ರು, ಆ ತುದಿ ಹಿಡ್ಕೊಂಡು ನಿಂತಿದ್ರು. ಯಾಕೆ?"

"ಒಂದಿಂಚು ಕಳೆದ್ರಾ?"

"ನಂಗೇನು ಗೊತ್ತು? ಟೇಪಲ್ಲಿ ಕಂಡಿದ್ದನ್ನ ಕಳಿಸಿದೆ."

ಎದ್ದು ಓಡಿದೆ. ಕುಲುಮೆ ನಡೆಸುವ ಕುಲುಮೆಯಣ್ಣ ಗಾಜನ್ನು ಒಳಗೆ ಒಯ್ಯುವ ಉರುಳೆಗಳ ಮೇಲೆ ಇಟ್ಟಾಗಿತ್ತು.

"ಅಣ್ಣಾ, ಹತ್ತು ನಿಮಿಷ!"

"ನಿನ್ನ ಹತ್ತು ನಿಮಿಷಕ್ಕೆ ಗಡಿಯಾರಾನೇ ಬೇರೆ ಕಣಮ್ಮ. ಐದು ಕೊಡ್ತೀನಿ."

ಫೋನಿನಲ್ಲಿ ಅಕ್ಕ ಇನ್ನೂ ಇದ್ದಳು, ಹೊಸ ಮನೆಯಲ್ಲೇ. ಟೇಪು ಮೇಸ್ತ್ರಿಯ ಜೇಬಿನಲ್ಲಿತ್ತು. "ಎ-ಫೋರ್ ಹಾಳೆ ಇದೆಯಾ? ಗೋಡೆಯಿಂದ ಗೋಡೆಗೆ ಉದ್ದುದ್ದಕ್ಕೆ ಜೋಡಿಸು" ಎಂದೆ. ಒಂದು ಹಾಳೆ ಇನ್ನೂರ ತೊಂಬತ್ತೇಳು ಮಿಲಿಮೀಟರ್, ಎಲ್ಲಿ ಕೊಂಡರೂ ಅಷ್ಟೇ.

"ಮೂರು ಹಿಡೀತು... ಅಯ್ಯೋ, ಮೂರನೇದನ್ನ ಪಾಪು ಬಾಯಿಗೆ ಹಾಕ್ಕೊಂಡ! ಬಿಡೋ, ಕಳ್ಳ!"

"ಬೇರೆ ಹಾಳೆ ತಗೋ! ಪಾಪೂನ ಎತ್ಕೋ, ಅಂಚಿಗೆ ಬಿಡ್ಬೇಡ!"

"ನಂಗೆ ಹೇಳ್ಕೊಡ್ತೀಯಾ? ಸೊಂಟದ ಮೇಲೇ ಇದಾನೆ. ಹ್ಞಾಂ, ಮೂರಾದ ಮೇಲೂ ಸ್ವಲ್ಪ ಉಳಿದಿದೆ."

"ಎಷ್ಟು ಬೆರಳು?"

"ಎರಡು. ಸರಿಯಾಗಿ ಎರಡು. ಮೂರನೇದು ತೂರೋದಿಲ್ಲ."

ನನ್ನದೂ ಅಕ್ಕನದೂ ಅಮ್ಮನ ಕೈ. ಎರಡು ಬೆರಳನ್ನು ಉಕ್ಕಿನ ಅಳತೆಪಟ್ಟಿಯ ಮೇಲಿಟ್ಟೆ: ಮೂವತ್ತೈದು, ಮೂವತ್ತಾರು ಮಿಲಿಮೀಟರ್. ಮೂರು ಹಾಳೆಗೆ ಎಂಟುನೂರ ತೊಂಬತ್ತೊಂದು. ಕೂಡಿದರೆ ಒಂಬೈನೂರ ಇಪ್ಪತ್ತೇಳು. ಅಂದರೆ ಮೂವತ್ತಾರೂವರೆ ಇಂಚು. ಗುಣಾಕಾರ ಐದು ಸಲವೂ ಸರಿಯಿತ್ತು. ಗುಣಿಸಿದ್ದೇ ತಪ್ಪು ಸಂಖ್ಯೆಯನ್ನು.

ಕುಲುಮೆಯಣ್ಣ ಗೊಣಗುತ್ತಲೇ ಗಾಜನ್ನು ಕೆಳಗಿಳಿಸಿದ. ಒಂದಿಂಚಿನ ಪಟ್ಟಿ ಕತ್ತರಿಸಿ, ಅಂಚು ಮತ್ತೆ ಉಜ್ಜಿ, ಕುಲುಮೆಗೆ ದಾಟಿಸುವ ಹೊತ್ತಿಗೆ ಮೇಸ್ತ್ರಿಯ ಫೋನ್ ಬಂತು.

"ಅಮ್ಮಾ, ನಾನು ಒಂದು ಕಳೀಲೇ ಇಲ್ಲ! ಗಾಜು ಒಳಗೆ ಹೋಯ್ತಾ?"

"ಹೋಯ್ತು."

"ಅಯ್ಯಯ್ಯೋ!"

"ಒಂದಿಂಚು ಕಡಿಮೆ ಮಾಡಿಕೊಂಡೇ ಹೋಯ್ತು."

ಆ ಕಡೆ ದೊಡ್ಡ ಉಸಿರು. "ಬದುಕಿದೆ. ಟೇಪಿಲ್ಲದೆ ಹೆಂಗೆ ಗೊತ್ತಾಯ್ತು?"

"ಮೂರು ಹಾಳೆ, ಎರಡು ಬೆರಳು."

"ಅದ್ಯಾವ ದೇಶದ ಅಳತೆ?"

ಕುಲುಮೆಯ ಆ ತುದಿಯಿಂದ ಗಾಜು ಹೊರಬರುವವರೆಗೂ, ಎರಡು ಬೆರಳನ್ನು ಜೋಡಿಸಿ ಹಿಡಿದುಕೊಂಡೇ, ಉಗುರು ಕಚ್ಚಲೂ ಬಿಡಿಸದೆ ನಿಂತಿದ್ದೆ.